ಅತ್ತೆ ಕೂರಲೇ ಇಲ್ಲ

ಸ್ನೇಹಿತರೇ, ನಿನ್ನೆ ಕಾಸರಗೋಡಿನ ಆಸ್ಪತ್ರೆಯಲ್ಲಿ ನನ್ನ ಅತ್ತೆಯ ಎದೆಗೆ ಹೃದಯಬಡಿತ ದಾಖಲಿಸುವ ಯಂತ್ರ ಅಂಟಿಸಿ ಮನೆಗೆ ಕಳುಹಿಸಿದ್ದರು. ಅದನ್ನು ಬಿಚ್ಚಿಸಿಕೊಂಡು ಈಗಷ್ಟೇ ನಮ್ಮೂರು ಬಾಯಾರಿಗೆ ಬಂದೆವು.

ನಿನ್ನೆ ಇಡೀ ದಿನ ಅತ್ತೆ ಕೂರಲೇ ಇಲ್ಲ. ಊಟವೂ ನಿಂತುಕೊಂಡೇ. ಕುರ್ಚಿ ಎಳೆದುಕೊಟ್ಟರೆ "ಬೇಡ, ಹೇಳಿದ ಹಾಗೆ ಕೇಳ್ಬೇಕಲ್ಲ" ಎಂದರು. ಅದು ನನಗೇ ಚುಚ್ಚಿದ್ದು ಎಂದುಕೊಂಡೆ. "ಎಂತ, ಸೊಸೆ ಕೂರ್ಲಿಕ್ಕೆ ಸಹ ಬಿಡುದಿಲ್ಲ ಅಂತ ಊರಿಗೆ ತೋರಿಸ್ಲಿಕ್ಕಾ?" ಎಂದು ರೇಗಿದೆ. ಅವರು ಕಂಬ ಹಿಡಿದುಕೊಂಡು ನಿಂತರು.

ಇವತ್ತು ನರ್ಸ್ ನೋಡಿದರೆ ಅಂಟಿಸಿದ್ದೆಲ್ಲ ಒದ್ದೆ. "ಅಮ್ಮೇ, ಕುಳಿಕ್ಕರುದ್ ಎನ್ನು ಪರಞ್ಞದಲ್ಲೇ?" ಎಂದು, ಹೇಳಿದ್ದೆನಲ್ಲ ಎನ್ನುವಂತೆ, ಮಲಯಾಳದಲ್ಲಿ ಗದರಿದಳು.

"ನೀನು ಹೇಳಿದ ಮೇಲೆ ಒಂದು ಗಳಿಗೆ ಸಹ ಕುಳಿತಿಲ್ಲ ಮಗಾ," ಎಂದರು ಅತ್ತೆ. "ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ, ದೀಪ ಹಚ್ಚಿಯೇ ಬಂದದ್ದು."

ಮಲಯಾಳದಲ್ಲಿ ಕುಳಿ ಎಂದರೆ ಸ್ನಾನ. ಸ್ನಾನ ಮಾಡಬಾರದು ಎಂದು ನರ್ಸ್ ಹೇಳಿದ್ದು ಅತ್ತೆಗೆ ಕುಳಿತುಕೊಳ್ಳಬಾರದು ಎಂದು ಕೇಳಿಸಿತ್ತು. ಆಗ ನಾನು ಔಷಧಿ ತರಲು ಹೋಗಿದ್ದೆ. ಏಕೆ ಕೂರುವುದಿಲ್ಲ ಎಂದು ಮನೆಯಲ್ಲಿ ಒಮ್ಮೆ ಮೆತ್ತಗೆ ಕೇಳಿದ್ದರೆ ಸಾಕಿತ್ತು.

ಪರೀಕ್ಷೆ ಇನ್ನೊಮ್ಮೆ ಮಾಡಬೇಕಂತೆ. ಮನೆಗೆ ಬಂದವರೇ ಅತ್ತೆ ಊದಿದ ಕಾಲು ಚಾಚಿ ಕೂತರು. ತಪ್ಪಾಯಿತು ಎನ್ನಲು ಬಾಯಿ ಬಾರದೆ ನಾನು ಎದುರಿಗೆ ನಿಂತೇ ಇದ್ದೆ.

"ನೀನು ಕೂತ್ಕೊ ಮಾರಾಯ್ತಿ, ನಿನಗೆ ಯಂತ್ರ ಕಟ್ಟಿಲ್ಲ ಅಲ್ವಾ?" ಎಂದರು.

ದೇವರು ದೊಡ್ಡವನು, ಕಟ್ಟಿರಲಿಲ್ಲ. ನಿನ್ನೆ ನನ್ನ ಎದೆಯಲ್ಲಿದ್ದದ್ದು ದಾಖಲಾಗಿದ್ದರೆ ಡಾಕ್ಟರರಿಗೆ ತೋರಿಸಲು ಮುಖ ಇರುತ್ತಿರಲಿಲ್ಲ.