ಕಲ್ಲಿನ ಪರ ನಿಂತ ಯಶೋದ

ಮರಳುಗಲ್ಲಿನೊಳಗೆ ಎಣ್ಣೆ ಇದೆಯೆಂದು ಹೇಳಬಲ್ಲವರು ನಮ್ಮ ನಾಡಿನಲ್ಲಿ ಹಲವರಿದ್ದಾರೆ. ಇದ್ದ ಎಣ್ಣೆ ಹೊರಗೆ ಹರಿದು ಬಂದೀತೇ ಎಂಬುದನ್ನು ಎದೆ ತಟ್ಟಿ ಹೇಳಬಲ್ಲವರು ವಿರಳ. ಅಂಥ ವಿರಳರಲ್ಲೊಬ್ಬರು ಭೂವಿಜ್ಞಾನಿ ಡಾ. ಯಶೋದ, ಕೊಳ್ಳೇಗಾಲದ ರೇಷ್ಮೆ ನೇಕಾರ ವೆಂಕಟಸ್ವಾಮಿಯವರ ಮಗಳು. ಅಪ್ಪ ಸೀರೆಯನ್ನು ಬೆಳಕಿಗೆ ಹಿಡಿದು ನೇಯ್ಗೆ ನೋಡುತ್ತಿದ್ದಂತೆ, ಮಗಳು ಎಣ್ಣೆಬಾವಿಯಿಂದ ಬಂದ ಕಲ್ಲನ್ನು ಮಸೂರದ ಕೆಳಗಿಟ್ಟು, ಕಣಗಳ ನಡುವಿನ ಸಂದುಗಳು ಒಂದಕ್ಕೊಂದು ಕೂಡಿವೆಯೇ ಎಂದು ನೋಡುತ್ತಿದ್ದರು. ಯಂತ್ರದ ವರದಿಯನ್ನು ಓದುತ್ತಿದ್ದುದು ಆಮೇಲೆಯೇ. ಇದನ್ನು ಮೊಂಡುತನವೆಂದು ಆಡಿಕೊಂಡವರಿಗೂ ಬರವಿರಲಿಲ್ಲ.

ಬಾವಿ ಕೊರೆಯುವ ಶಿಬಿರದಲ್ಲಿ ಹೆಂಗಸರಿಗೇನು ಕೆಲಸ ಎಂದವರ ನಡುವೆಯೇ ಬೇರೂರಿ, ಹಿರಿಯ ಹುದ್ದೆಗೆ ಏರಿದ ಮೇಲೆ, ಪೂರ್ವ ಕರಾವಳಿಯಲ್ಲಿ ಒಂದು ಬಾವಿಯನ್ನು ಯಶೋದರ ಮಾತಿನ ಮೇಲೆಯೇ ಕೊರೆಯಲಾಯಿತು. ಆ ವರ್ಷ ಶಿವರಾತ್ರಿಗೆ ಅವರು ತಾಯಿ ವಸಂತಮ್ಮನವರೊಡನೆ ಮಲೆ ಮಹದೇಶ್ವರ ಬೆಟ್ಟಕ್ಕೆ ಮಾದಪ್ಪನ ಕಾಲ್ನಡಿಗೆಯ ಹರಕೆ ಹೊತ್ತು ಹೊರಟಿದ್ದರು. ಹನೂರು ಮುಟ್ಟುವಷ್ಟರಲ್ಲಿ ಶಿಬಿರದಿಂದ ಕಿರಿಯ ಸಹೋದ್ಯೋಗಿ, ಹನೂರು ಸೀಮೆಯ ಬಂಡಳ್ಳಿಯವರೇ ಆದ ಗುರುಪ್ರಕಾಶ್ ಫೋನು ಮಾಡಿದರು: ಕಲ್ಲಿನ ತುಂಡಿನಲ್ಲಿ ನೀರು ಹಾಯಿಸಿದರೆ ಹರಿಯುತ್ತಲೇ ಇಲ್ಲ, ನಾಡಿದ್ದು ಬಾವಿಗೆ ಸಿಮೆಂಟು ತುಂಬಿ ಮುಚ್ಚುತ್ತಾರೆ.

“ಯಾವ್ ನೀರ್ ಬುಟ್ರಪ್ಪ?”

“ಉಪ್ ಮುಗ್ದೋಗಿತ್ತು ಮೇಡಂ, ಸಿಹಿನೀರೇ ಬುಟ್ವಿ.”

ಯಶೋದರಿಗೆ ತಪ್ಪು ಅಲ್ಲೇ ಹೊಳೆಯಿತು. ಆ ಕಲ್ಲಿನ ಸಂದುಗಳಲ್ಲಿ ಜೇಡಿಮಣ್ಣು ಅಂಟಿತ್ತು. ನೆಲದಾಳದ ಉಪ್ಪುನೀರಿನಲ್ಲಿ ತೆಪ್ಪಗಿರುವ ಆ ಜೇಡಿ ಸಿಹಿನೀರು ಕುಡಿದರೆ ಉಬ್ಬಿ ದಾರಿ ಕಟ್ಟುತ್ತದೆ. ಕೆಟ್ಟದ್ದು ಕಲ್ಲಲ್ಲ, ಪರೀಕ್ಷೆ. ಮೇಲಧಿಕಾರಿ ಫೋನಿನ ಮಾತಿಗೆ ಜಗ್ಗಲಿಲ್ಲ. ಎದುರಿಗೇ ಮಾಡಿ ತೋರಿಸಬೇಕೆಂದರು.

“ಬ್ಯಾಡ ಕಣವ್ವ, ಮಾದಪ್ಪುನ್ಗೆ ಬೆನ್ ತೋರ್ಬ್ಯಾಡ,” ಎಂದರು ವಸಂತಮ್ಮ. ಹರಕೆ ಹೊತ್ತವರು ಅರ್ಧದಾರಿಯಲ್ಲಿ ತಿರುಗಿದ್ದನ್ನು ಅವರ ಮನೆತನದಲ್ಲಿ ಯಾರೂ ಕಂಡಿರಲಿಲ್ಲ.

“ಮಾದಪ್ಪ ಕಾಯ್ತಾನೆ ಕಣವ್ವ. ಬಾವಿ ಕಾಯಕ್ಕಿಲ್ಲ.”

ತಾಯಿ ಜೊತೆಗೆ ಬಂದಿದ್ದ ಹರಕೆಯವರೊಡನೆ ಬೆಟ್ಟದ ಕಡೆ ನಡೆದರು. ಮಗಳು ಹಿಂದಿರುಗುವ ಬಸ್ಸು ಹತ್ತಿ, ಕೊಳ್ಳೇಗಾಲದವರೆಗೂ ಅಳುತ್ತಲೇ ಬಂದರು. ಆದರೂ ಇಳಿದು ಮನೆಗೆ ಹೋಗಲಿಲ್ಲ.

ಶಿಬಿರ ತಲುಪಿದವರೇ ಹೊಸ ತುಂಡು ತೆಗೆಸಿ, ನೆಲದಾಳದ ನೀರಿನಷ್ಟೇ ಉಪ್ಪು ಬೆರೆಸಿ ಹಾಯಿಸಿದರು. ಹರಿಯಿತು. ಬಾವಿ ಉಳಿಯಿತು, ಇಂದಿಗೂ ಎಣ್ಣೆ ಕೊಡುತ್ತಿದೆ. ತಪ್ಪು ಯಾರದೆಂದು ಮೇಲಿನವರು ಗದರಿದಾಗ, ಯಶೋದ “ನನ್ನ ತಂಡದ್ದು, ಅಂದರೆ ನನ್ನದು” ಎಂದು ಮಾತು ಮುಗಿಸಿದರು. ಅಂದು ಕೆಲಸ ಉಳಿಸಿಕೊಂಡ ಗುರುಪ್ರಕಾಶ್ ಇಂದು ಅದೇ ಪ್ರಯೋಗಾಲಯದ ಮುಖ್ಯಸ್ಥರು. ಉಪ್ಪಿನ ಡಬ್ಬವನ್ನು ತಮ್ಮ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದಾರೆ.

ಈಗ ನಿವೃತ್ತರಾಗಿ ಊರು ಸೇರಿರುವ ಯಶೋದ, ಬಾಕಿ ಉಳಿದ ನಡಿಗೆಯನ್ನು ಹನೂರಿನಿಂದ ಮುಂದುವರಿಸುವೆನೆಂದರು. ಎಂಬತ್ತು ದಾಟಿದ ವಸಂತಮ್ಮ ಒಪ್ಪಲಿಲ್ಲ.

“ಪರೀಕ್ಷೆ ಕೆಟ್ಟೋದಾಗ ಹೊಸ ಕಲ್ ತಕಂಡು ಮೊದ್ಲಿಂದ ಮಾಡ್ಲಿಲ್ವ ನೀನು? ಮನೆ ಹೊಸ್ಲಿಂದ್ಲೇ ಹೊರ್ಡು. ಆದಷ್ಟು ದೂರ ನಾನೂ ಬತ್ತೀನಿ.”

ಈ ಶಿವರಾತ್ರಿಗೆ ತಾಯಿ ಮಗಳು ಹೊಸ್ತಿಲಿನಿಂದಲೇ ಹೊರಡುತ್ತಿದ್ದಾರೆ. ಬೆಟ್ಟದಿಂದ ಇಳಿದ ಮೇಲೆ ಯಳಂದೂರಿನ ಕಾಲೇಜಿನಲ್ಲಿ ಯಶೋದ ಹೇಳಿಕೊಡುವ, ಕಲ್ಲು ನೋಡುವ ಪಾಠ ಶುರುವಾಗಲಿದೆ. ಮಾದಪ್ಪ ಅವರ ಕಾಲಿಗೂ ಕಣ್ಣಿಗೂ ನೂರು ವರ್ಷದ ಕಸುವು ಕೊಡಲಿ. ಇಷ್ಟು ದಿನ ಕಾದವನಿಗೆ ಅದೇನು ಹೆಚ್ಚಲ್ಲ.