ಇಳಿಸಿದ ಸ್ಟಾಪು

ಕಳೆದ ಬೇಸಿಗೆಯಲ್ಲಿ ವಿಶೇಷ ಮಕ್ಕಳ ಶಿಬಿರಕ್ಕೆ ನಾನು ಹಾಕಿದ್ದ ಯೋಜನೆ ಇಷ್ಟೇ: ತರೀಕೆರೆಯಿಂದ ಬಸ್ಸಲ್ಲಿ ಅಮೃತಾಪುರಕ್ಕೆ ಹೋಗೋದು, ದೇವಸ್ಥಾನದ ಅಂಗಳದಲ್ಲಿ ಚಿತ್ರ ಬರೆಸೋದು. ಮಾತು ಬಾರದ ಗೌರಿ ಬಸ್ಸು ಕುಲುಕಿದಾಗಲೆಲ್ಲ ಕೇಕೆ ಹಾಕಿ ನಗುತ್ತಿದ್ದಳು.

"ಇವ್ಳು ಹಿಂಗೆ ನಕ್ಕಿದ್ದು ನಾನೇ ಕಂಡಿಲ್ಲ ಮೇಡಂ," ಅಂದರು ಪಕ್ಕದಲ್ಲಿ ಕೂತಿದ್ದ ಅವಳ ತಾಯಿ.

ಅಮೃತಾಪುರ ಬಂದಾಗ ಗೌರಿ ಸೀಟಿನ ಕಂಬಿ ಹಿಡಿದು ಅಳತೊಡಗಿದಳು.

"ಇರ್ಲಿ ಬಿಡಿ ಮೇಡಂ, ಅವ್ರಮ್ಮನ ಜತೆ ಇನ್ನೊಂದು ಟ್ರಿಪ್ ಬರ್ಲಿ," ಅಂದ ಕಂಡಕ್ಟರ್.

"ಚಿತ್ರ ಬರೆಸೋದಿದೆ ಕಣ್ರೀ," ಅಂತ ನಾನೇ ಅವಳ ಕೈ ಬಿಡಿಸಿ ಇಳಿಸಿದೆ. ದೇವಸ್ಥಾನವೇನು ಓಡಿಹೋಗುತ್ತಿರಲಿಲ್ಲ. ಗೌರಿ ಆ ದಿನ ಬಣ್ಣ ಮುಟ್ಟಲೇ ಇಲ್ಲ.

ಈ ಬೇಸಿಗೆ ಶಿಬಿರದಲ್ಲಿ ಬರೀ ಬಸ್ಸಲ್ಲಿ ಸುತ್ತೋದು ಅಂತಲೇ ಇಟ್ಟು, ಗೌರಿಯನ್ನು ಕಳಿಸಿ ಅಂತ ಅವಳ ತಾಯಿಗೆ ಫೋನ್ ಮಾಡಿದೆ.

"ಬ್ಯಾಡ ಮೇಡಂ," ಅಂದರು. "ಕೊನೆಗೆ ಇಳಿಸ್ತೀರಲ್ಲ."