ಆರ್ಗನ್ ಹಕ್ಕಿಗೆ ನೀರು ಹಾಕುವವಳು

ಪ್ರಾದೊಲಿನ್ ಎಂಬ ಬೆಟ್ಟದೂರಿನ ಚರ್ಚಿನಲ್ಲಿ, ಆರ್ಗನ್ ಎಂಬ ದೊಡ್ಡ ಕೊಳವೆವಾದ್ಯದ ಹೊಟ್ಟೆಯೊಳಗೆ ಒಂದು ತವರದ ಬಟ್ಟಲಿದೆ. ಬಟ್ಟಲ ನೀರಿನಲ್ಲಿ ಎರಡು ಪುಟ್ಟ ಕೊಳವೆಗಳು ತಲೆಕೆಳಗಾಗಿ ಮುಳುಗಿವೆ. ವಾದಕ ಹಿಡಿಕೆಯೊಂದನ್ನು ಎಳೆದರೆ ಅವುಗಳೊಳಗೆ ಗಾಳಿ ನುಗ್ಗಿ, ನೀರು ಗುಳುಗುಳಿಸಿ, ಹಕ್ಕಿ ಹಾಡಿದಂತಾಗುತ್ತದೆ. ಈ ಹಕ್ಕಿಗೆ ನೀರು ಹಾಕುವುದು ಪ್ಲಾಝೊತ್ತಾ ಮನೆಯ ಹೆಂಗಸರ ಕೆಲಸ. ಮುನ್ನೂರು ವರ್ಷದಿಂದ ಹಾಕುತ್ತಿದ್ದೇವೆ ಎನ್ನುತ್ತಾರೆ. ಆರ್ಗನ್ನಿಗೇ ಇನ್ನೂರ ನಲವತ್ತು ತುಂಬಿಲ್ಲ. ಲೆಕ್ಕ ಕೇಳಲು ಹೋದವರು ಬೈಸಿಕೊಂಡು ಬಂದಿದ್ದಾರೆ.

ಈಗ ಆ ಕೆಲಸ ಎರ್ಸಿಲಿಯಾಳದು. ಅವಳಿಗೆ ಎಪ್ಪತ್ತೊಂದು. ಹತ್ತೊಂಬತ್ತನೆಯ ವಯಸ್ಸಿನಿಂದ ಪ್ರತಿ ಭಾನುವಾರ ಗಿಂಡಿ ಹಿಡಿದು ಚರ್ಚಿನ ಅಟ್ಟದ ಮೇಲೆ ಕೊಳವೆಗಳ ಹಿಂದೆ ನಿಂತಿದ್ದಾಳೆ. ಹರೆಯದಲ್ಲಿ ಪಕ್ಕದ ಕಣಿವೆಯ ಮರದ ವ್ಯಾಪಾರಿಯೊಬ್ಬ ಮದುವೆಯಾಗುತ್ತೇನೆಂದು ಬಂದಿದ್ದ.

"ನಿಮ್ಮೂರಿನ ಆರ್ಗನ್ನಿನಲ್ಲಿ ಹಕ್ಕಿ ಇದ್ಯಾ?" ಎಂದು ಕೇಳಿದಳು.

"ಇಲ್ಲ."

"ಮತ್ತೆ ನಾನು ಅಲ್ಲಿ ಬಂದು ಏನ್ ಮಾಡ್ಲಿ?"

ಸಂಬಂಧ ಅಲ್ಲಿಗೆ ಮುಗಿಯಿತು. ಪೂಜೆ ಮುಗಿದ ಮೇಲೆ ಎಲ್ಲರೂ ಬಾಗಿಲ ಬಳಿ ನಿಂತು "ಹಕ್ಕಿ ಇವತ್ತು ಚೆನ್ನಾಗ್ ಹಾಡ್ತು, ಎರ್ಸಿಲಿಯಾ" ಎನ್ನಬೇಕು, ಇದು ಊರಿನ ರಿವಾಜು. ಕುಂಬಾರ ಜಾಕೊಮೊ ಒಮ್ಮೆ ಮರೆತು "ಚಳಿ ಜಾಸ್ತಿ" ಎಂದುಬಿಟ್ಟ. ಎರಡು ವರ್ಷ ಅವನ ಮಡಕೆಯನ್ನು ಯಾರೂ ಕೊಳ್ಳಲಿಲ್ಲ.

ಹತ್ತೊಂಬತ್ತು ವರ್ಷದ ಕೆಳಗೆ ಹಳೆಯ ವಾದಕ ತೀರಿಕೊಂಡು, ಅಂಚೆ ಹಂಚುತ್ತಿದ್ದ ವಾಲ್‌ಫ್ರೆದೊ ಆ ಜಾಗಕ್ಕೆ ಬಂದ. ಎರ್ಸಿಲಿಯಾಳ ಜೊತೆಗೇ ಶಾಲೆಗೆ ಹೋದವನು. ಬಂದ ಮೊದಲ ಈಸ್ಟರಿನಲ್ಲೇ ಅವನಿಂದ ಮಹಾಪರಾಧ ನಡೆದುಹೋಯಿತು. ಹಕ್ಕಿ ಹಾಡುವಾಗ ಹಳೆಯ ವಾದಕ ಒಂಬೈನೂರು ಕೊಳವೆಗಳನ್ನೂ ತೆರೆದು ಗರ್ಜಿಸುತ್ತಿದ್ದ. ಇವನು ಒಂದೊಂದಾಗಿ ಎಲ್ಲವನ್ನೂ ಮುಚ್ಚಿ, ಒಂದೇ ಒಂದು ಮೆಲುದನಿಯ ಸಾಲು ಉಳಿಸಿಕೊಂಡ. ಮದುವಣಗಿತ್ತಿ ಒಳಗೆ ಕಾಲಿಡುವಾಗಲೇ ವಾದ್ಯ ನಿಲ್ಲಿಸಿದಂತಾಯಿತು ಎರ್ಸಿಲಿಯಾಗೆ. "ನನ್ನ ಹಕ್ಕೀನ ನಡುಬೀದೀಲಿ ಒಂಟಿ ಮಾಡಿ ನಿಲ್ಲಿಸ್ದ" ಎಂದು ಊರೆಲ್ಲ ಸಾರಿ ಅವನೊಡನೆ ಮಾತು ಬಿಟ್ಟಳು. ಅವನೂ ಸಮಜಾಯಿಷಿ ಕೊಡಲಿಲ್ಲ. ಜೀವಮಾನವೆಲ್ಲ ಬೇರೆಯವರ ಮಾತು ಹಂಚಿದವನು. ತನ್ನದನ್ನು ಹೇಳಿ ಅಭ್ಯಾಸವಿರಲಿಲ್ಲ.

ಕೆಲಸ ಮಾತ್ರ ನಡೆಯಬೇಕಲ್ಲ. ಬಟ್ಟಲು ತುಂಬಿದರೆ ಅವಳು ಇಬ್ಬರ ನಡುವಿನ ಹಲಗೆಗೆ ಒಂದು ಸಲ ಬಡಿಯುವಳು. ಮೂರು ಸಲ ಬಡಿದರೆ ಅದು ಬೈಗುಳ. ಅವನು ಕಾಲಿನಿಂದ ಕೀಲಿ ಒತ್ತಿ ಒಂದು ದಪ್ಪ ಸ್ವರ ಹೊರಡಿಸಿ ಉತ್ತರ ಕೊಡುವನು. ಒಮ್ಮೆ ಪಾದ್ರಿಗಳು ನರಕದ ವಿಷಯ ಮಾತಾಡುತ್ತಿದ್ದಾಗ ಇವರ ಜಗಳ ಹತ್ತಿಕೊಂಡು, ಆ ದಿನ ಇಡೀ ಊರು ಪಾಪನಿವೇದನೆಗೆ ಸಾಲುಗಟ್ಟಿತು.

ಕಳೆದ ಫೆಬ್ರವರಿಯಲ್ಲಿ ಹಳೆಯ ಆರ್ಗನ್ನುಗಳನ್ನು ಪರೀಕ್ಷಿಸುವ ಪಂಡಿತ ಕೊರ್ನಾಲ್ದಿ ಬಂದ. ವಾದ್ಯವನ್ನು ಬಿಚ್ಚಿ ರಿಪೇರಿ ಮಾಡುವ ಮೊದಲು ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಅವನು ಬರೆದುಕೊಡಬೇಕಿತ್ತು. ಬಟ್ಟಲು ನೋಡಿ ಮೂಗು ಮುರಿದ.

"ಅಮ್ಮಾ, ಕೆಳಗೆ ಕೂತವರಿಗೆ ಕೇಳಿಸದೇ ಇರೋದು ವಾದ್ಯ ಅಲ್ಲ, ಪಾತ್ರೆ. ಇವತ್ತು ಕೇಳಿಸದಿದ್ರೆ ತೆಗೆಸ್ತೀನಿ."

"ಊರನ್ನೇ ಕೇಳಿ ಸ್ವಾಮಿ, ಯಾರಿಗೆ ಕೇಳಿಸಲ್ಲ ಅಂತ!" ಎಂದಳು ಎರ್ಸಿಲಿಯಾ.

ಪಂಡಿತ ತಾನೇ ಅಳತೆ ಮಾಡಿ ಶುದ್ಧ ನೀರು ಸುರಿದ. ಉಳಿದ ಕೊಳವೆಗಳನ್ನು ಎಣಿಸಿ ಬರುವಷ್ಟರಲ್ಲಿ ಅದು ಹೆಪ್ಪುಗಟ್ಟಿ ಕಲ್ಲಾಗಿತ್ತು. ಈ ಬೆಟ್ಟದಲ್ಲಿ ಚಳಿಗಾಲದಲ್ಲಿ ಹಕ್ಕಿಗೆ ಬರೀ ನೀರು ಹಾಕುವ ಹುಚ್ಚು ಯಾರಿಗಿದೆ?

"ನೀವು ಏನ್ ಹಾಕ್ತಿದ್ರಿ?"

"ಗ್ರಾಪ್ಪಾ."

"ಹೆಂಡಾನಾ? ದೇವರ ಆರ್ಗನ್ನಿಗಾ?"

"ಅರ್ಧ ಮಾತ್ರ ಸ್ವಾಮಿ. ಪೂರ್ತಿ ಹಾಕಿದ್ರೆ ಅಪಸ್ವರ ಬರುತ್ತೆ."

ಪರೀಕ್ಷೆ ನೋಡಲು ಕೆಳಗೆ ನೆರೆದಿದ್ದ ಊರ ಗಂಡಸರೆಲ್ಲ ಕೋಟಿನ ಜೇಬಿಗೆ ಕೈ ಹಾಕಿದರು. ಇಪ್ಪತ್ತೆರಡು ಸೀಸೆ ಹೊರಬಂದವು, ಒಂದು ಪಾದ್ರಿಗಳದು. ಪಂಡಿತ ಐಸು ಕೆತ್ತಿ ತೆಗೆದು, ಸ್ವಂತ ಕೈಯಿಂದಲೇ ಬೆರೆಸಿ ತುಂಬಿಸಿ, "ದ್ರವ: ಸ್ಥಳೀಯ" ಎಂದು ಬರೆದುಕೊಂಡ. ಬಟ್ಟಲು ಮುಟ್ಟಬಾರದೆಂದು ಎರ್ಸಿಲಿಯಾಳನ್ನು ಕೆಳಗೆ ಕಳಿಸಿದ.

ಐವತ್ತೆರಡು ವರ್ಷದಲ್ಲಿ ಅವಳು ಆ ಬೆಂಚುಗಳ ಮೇಲೆ ಕೂತವಳೇ ಅಲ್ಲ. ರೊಟ್ಟಿ ಅಂಗಡಿಯ ನೋರ್ಮಾಳ ಪಕ್ಕ ಮುದುರಿಕೊಂಡು ಕೂತಳು. ಪಂಡಿತ ಎಲ್ಲ ಕೊಳವೆಗಳನ್ನೂ ತೆರೆದು ಬಾರಿಸತೊಡಗಿದ. ಕಿಟಕಿಗಳು ನಡುಗಿದವು. ಹಕ್ಕಿ ಎಲ್ಲಿ? ಎರ್ಸಿಲಿಯಾ ಕಿವಿಗೆ ಕೈ ಹಿಡಿದಳು.

"ನೋರ್ಮಾ, ಹಾಡ್ತಿದ್ಯೇನೇ?"

"ಅಯ್ಯೋ, ಎಷ್ಟು ಚೆನ್ನಾಗಿ ಹಾಡ್ತಿದೆ!"

"ಅದ್ಭುತ!" ಎಂದ ಹಿಂದಿನ ಸಾಲಿನಿಂದ ಜಾಕೊಮೊ. ಅವನು ಒಮ್ಮೆ ಪಾಠ ಕಲಿತವನು.

ಪಂಡಿತ ಮೇಲಿನಿಂದ ಬಗ್ಗಿ ಕೂಗಿದ: "ಈಗ ಹಕ್ಕಿಯ ಹಿಡಿಕೆ ಎಳೀತೀನಿ!"

ಜಾಕೊಮೊ ಬೆಂಚಿನ ಕೆಳಗೆ ಏನೋ ಹುಡುಕತೊಡಗಿದ. ನೋರ್ಮಾ ಜಪಸರ ಎಣಿಸತೊಡಗಿದಳು. ಪಂಡಿತ ಹಿಡಿಕೆ ಎಳೆದು ಮತ್ತೆ ಗರ್ಜಿಸಿದ. ಒಂಬೈನೂರು ಕೊಳವೆಗಳ ಅಬ್ಬರದೊಳಗೆ ಹಕ್ಕಿಯ ಸುಳಿವೇ ಇರಲಿಲ್ಲ.

"ಯಾವತ್ತೂ ಕೇಳಿಸ್ತಿರ್ಲಿಲ್ವೇನೇ?" ಎಂದಳು ಎರ್ಸಿಲಿಯಾ.

ನೋರ್ಮಾ ತಲೆ ತಗ್ಗಿಸಿದಳು. "ಹಳೇ ವಾದಕರ ಕಾಲದಲ್ಲಿ ಇಲ್ಲ ಕಣೆ. ನಿಮ್ಮಮ್ಮನ ಕಾಲದಲ್ಲೂ ಇಲ್ಲ. ನಿನಗೆ ಬೇಜಾರಾಗುತ್ತೆ ಅಂತ ಹೇಳ್ತಿದ್ವಿ. ವಾಲ್‌ಫ್ರೆದೊ ಬಂದ್ಮೇಲೆ ನಿಜವಾಗ್ಲೂ..."

ಅಷ್ಟರಲ್ಲಿ ಮೇಲೆ ಪಂಡಿತ "ತೆಗೆಯಬೇಕು" ಎಂದು ಬರೆದು ಪುಸ್ತಕ ಮುಚ್ಚುತ್ತಿದ್ದ. ಪಕ್ಕದಲ್ಲೇ ನಿಂತಿದ್ದ ವಾಲ್‌ಫ್ರೆದೊ ಅವನ ಭುಜ ತಟ್ಟಿ, "ಸ್ವಲ್ಪ ಜರುಗಿ" ಎಂದ. ದೊಡ್ಡ ದನಿಯಲ್ಲೇ ಆರಂಭಿಸಿ, ಒಂದೊಂದೇ ಹಿಡಿಕೆ ಒಳಗೆ ತಳ್ಳುತ್ತ ಬಂದ. ಅಬ್ಬರ ಇಳಿಯಿತು, ತೆಳ್ಳಗಾಯಿತು, ಕೊನೆಗೆ ಒಂದೇ ಕೊಳಲಿನಂಥ ಎಳೆ ಉಳಿಯಿತು. ಅದರ ಮೇಲೆ ಹಕ್ಕಿ ಹಾಡಿತು. ಕಂಬಗಳ ನಡುವೆ, ಛಾವಣಿಯ ಕೆಳಗೆ, ಎರ್ಸಿಲಿಯಾಳ ನೆತ್ತಿಯ ಮೇಲೆ ಹಾಡಿತು. ಇಷ್ಟು ವರ್ಷ ಮೊಳದ ದೂರದಲ್ಲಿ ನಿಂತು ಅವಳು ಕೇಳುತ್ತಿದ್ದದ್ದು ಬರೀ ನೀರಿನ ಸದ್ದು. ಇದು ಹಕ್ಕಿ. ಇಷ್ಟು ಚೆಂದದ ಹಕ್ಕಿಗೆ ತಾನು ನೀರು ಹಾಕುತ್ತಿದ್ದೆನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಸೆರಗಿಲ್ಲದ ಊರಿನವಳು. ಎರಡೂ ಅಂಗೈಯಲ್ಲಿ ಮುಖ ಒರೆಸಿಕೊಂಡಳು.

ಪಂಡಿತ ಮತ್ತೆ ಪುಸ್ತಕ ತೆರೆದು, ಬರೆದದ್ದನ್ನು ಹೊಡೆದುಹಾಕಿ, ಹೊಸದಾಗಿ ಬರೆದು ಜೋರಾಗಿ ಓದಿದ: "ಹಕ್ಕಿ ಉಳಿಯಲಿ. ಆದರೆ ಈ ವಾದಕರು ಬಾರಿಸುವವರೆಗೆ ಮಾತ್ರ."

ಊರು ಚಪ್ಪಾಳೆ ತಟ್ಟಿತು. ವಾಲ್‌ಫ್ರೆದೊ ಎದ್ದು ನಿಂತು ಎರಡು ಸಲ ಕೆಮ್ಮಿದ. ಚಪ್ಪಾಳೆ ನಿಂತಿತು.

ಎರ್ಸಿಲಿಯಾ ಎಪ್ಪತ್ತೊಂದರ ಕಾಲುಗಳಲ್ಲಿ ಮೂವತ್ತೆರಡು ಮೆಟ್ಟಿಲು ಹತ್ತಿದಳು. ತನ್ನ ಉಣ್ಣೆಯ ಶಾಲು ಬಿಚ್ಚಿ ಅವನ ಕುತ್ತಿಗೆಗೆ ಮೂರು ಸುತ್ತು ಸುತ್ತಿ, ಉಸಿರು ಕಟ್ಟುವಷ್ಟು ಬಿಗಿದು ಗಂಟು ಹಾಕಿದಳು.

"ನೋಡು ವಾಲ್‌ಫ್ರೆದೊ," ಎಂದಳು, "ನೀನು ಸತ್ರೆ ನಾನು ಸುಮ್ನಿರಲ್ಲ."